ಸೊರಟೂರು ಹಳ್ಳದ ಮೂರು ಚುಕ್ಕೆ

"ನಮ್ಮ ಹಳ್ಳದಾಗ ಬಂಗಾರ ಐತಿ. ನಿಮಗ್ಯಾರಿಗೂ ಕಣ್ಣಿಲ್ಲ."

ನಮ್ಮ ಸೋದರಮಾವ ಈ ಮಾತನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದಾರೆ, ಮಣ್ಣಿಗೆ ಹೋದಾಗಲೂ ಹೇಳಿದ್ದಾರೆ. ನಾವು ಸುಮ್ನೆ ತಲೆಯಾಡಿಸುತ್ತಿದ್ದೆವು. ಅವರ ಹೊಲ ಗದಗ ತಾಲ್ಲೂಕಿನ ಸೊರಟೂರಿನ ಹತ್ತಿರ. ಮೂಡಲಕ್ಕೆ ಮುಖ ಮಾಡಿ ನಿಂತರೆ ಕಪ್ಪತಗುಡ್ಡ, ಅದರ ಮೇಲೆ ಸಾಲಾಗಿ ಗಾಳಿಯಂತ್ರಗಳು. ಹೋದ ದಸರಾ ರಜೆಯಲ್ಲಿ ನಾನೇ ಫೋನ್ ಮಾಡಿ, "ಮಾವಾ, ಈ ಸಲ ಬರತೀನಿ, ಬಂಗಾರ ತೋರಿಸ್ರಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಇಷ್ಟು ವರ್ಷ ಯಾರೂ ಹಾಗೆ ಕೇಳಿರಲಿಲ್ಲ ಅನ್ಸುತ್ತೆ.

ಮಾವನ ಮಾತು ಪೂರ್ತಿ ಬುರುಡೆಯಲ್ಲ. ಬ್ರಿಟಿಷರು ಈ ಗುಡ್ಡಗಳನ್ನು ಡಂಬಳದ ಗುಡ್ಡ ಅನ್ನುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಓಡಾಡಿ, ಇಲ್ಲಿನ ಬಂಗಾರದ ಕಲ್ಲುಗಳ ಬಗ್ಗೆ 1874ರಲ್ಲೇ ಬರೆದಿದ್ದಾರೆ. ಅವರಿಗಿಂತ ಬಹಳ ಮೊದಲೇ ಮಳೆಗಾಲದ ಹಳ್ಳಗಳಲ್ಲಿ ಉಸುಕು ತೊಳೆದು ಬಂಗಾರ ತೆಗೆಯುವವರಿದ್ದರು. ಅವರೇ ಜಲಗಾರರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಮೇಲಾಗಿ ಇದೇ ಜಿಲ್ಲೆಯ ಮಗಳು. ಆದರೂ ಜಲಗಾರರೊಬ್ಬರನ್ನು ಎದುರು ನೋಡಿದ್ದು ಆ ದಿನವೇ ಮೊದಲು.

ಬೆಳಿಗ್ಗೆ ಏಳಕ್ಕೆಲ್ಲ ಮಾವ ಒಬ್ಬ ಅಜ್ಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಎಪ್ಪತ್ತೈದರ ಮೇಲಿರಬೇಕು. ಬಗಲಲ್ಲಿ ಗೋಣಿಚೀಲ. ಅದರೊಳಗೆ ಉಸುಕು ತೊಳೆಯುವ ಮರಗಿ, ಅಂದರೆ ಕರ್ರಗೆ ನುಣುಪಾದ ಮರದ ತಟ್ಟೆ, ಒಂದು ಮೋಟು ಕಸಬರಿಗೆ, ತುದಿ ಬಗ್ಗಿಸಿದ ಸೈಕಲ್ ಕಡ್ಡಿ. ನಾನು ಮನೆಯಿಂದ ದೊಡ್ಡ ಸ್ಟೀಲ್ ಪರಾತ ತಂದಿದ್ದೆ. ಅಜ್ಜ ಅದರೊಳಗೆ ಬೆರಳಾಡಿಸಿ ನೋಡಿದರು.

"ಅಕ್ಕಾರ, ಇದರಾಗ ಏನು ನಾದಿದ್ರಿ?"

"ಚಪಾತಿ ಹಿಟ್ಟು ರೀ."

"ಎಣ್ಣಿ ಹತ್ತಿದ ಪರಾತದಾಗ ಸಣ್ಣ ಬಂಗಾರ ಈಜತೈತ್ರಿ. ನಿಮ್ಮ ಕಣ್ಮುಂದ ತೇಲಿಕೋಂತ ಹೊಕ್ಕೈತಿ."

ನನಗೆ ನಾಚಿಕೆಯಾಯಿತು. ಜಿಡ್ಡಿದ್ದರೆ ನೀರು ಅಂಟುವುದಿಲ್ಲ, ಬಂಗಾರದ ಪುಡಿ ಮುಳುಗದೆ ಮೇಲೇ ನಿಲ್ಲುತ್ತದೆ. ನೀರಿನ ಮೇಲೆ ಸೂಜಿ ತೇಲಿಸಿ ಮಕ್ಕಳಿಗೆ ತೋರಿಸುವ ನನಗೇ ಅದು ಹೊಳೆದಿರಲಿಲ್ಲ. ಪರಾತವನ್ನು ಒಲೆ ಬೂದಿ ಹಾಕಿ ಎರಡು ಸಲ ತಿಕ್ಕಿದೆ.

ನಾವು ಗುಡ್ಡ ಹತ್ತಲಿಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಕೆದಕುವುದು ತಪ್ಪು, ಕೆದಕಲೂಬಾರದು. ಮಾವನ ಹೊಲದ ಬದುವಿಗೆ ಹತ್ತಿಕೊಂಡ ಹಳ್ಳವೇ ನಮಗೆ ಸಾಕಿತ್ತು. ನಾಲ್ಕು ದಿನದ ಹಿಂದೆ ಜೋರು ಮಳೆಯಾಗಿತ್ತು. ಗುಡ್ಡದ ಕಲ್ಲಿನಲ್ಲಿ ಅಲ್ಲಲ್ಲಿ ಬಿಳಿ ಬೆಣಚುಕಲ್ಲಿನ ಪಟ್ಟಿಗಳಿವೆ, ಬಂಗಾರ ಇರುವುದು ಅವುಗಳಲ್ಲಿ. ಕಲ್ಲು ಬಿಸಿಲಿಗೆ ಮಳೆಗೆ ಒಡೆದು ಪುಡಿಯಾದ ಹಾಗೆ ಬಂಗಾರವೂ ಹಳ್ಳಕ್ಕೆ ಇಳಿಯುತ್ತದೆ. ಹೊಸ ಪ್ರವಾಹ ಬಂದು ಹೋದ ಮೇಲೆ ಹುಡುಕಬೇಕು ಅನ್ನುವುದು ಅದಕ್ಕೇ.

ನಾನು ಸೀದಾ ಹಳ್ಳದ ನಡುವಿನ ಉಸುಕಿಗೆ ಕೈ ಹಾಕಿದೆ. ಅಜ್ಜ ಅತ್ತ ತಿರುಗಿಯೂ ನೋಡಲಿಲ್ಲ. ಹಳ್ಳ ತಿರುಗುವಲ್ಲಿ ಒಳಮಗ್ಗುಲಿಗೆ ಹೋದರು. ನೀರಿನ ಓಟ ಅಲ್ಲಿ ಕಡಿಮೆ. ಒಂದು ಹಾಸುಗಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಅದರ ಸೀಳಿಗೆ ಸೈಕಲ್ ಕಡ್ಡಿ ತೂರಿಸಿ, ಹಲ್ಲು ಚುಚ್ಚುವವರ ಹಾಗೆ ಮಣ್ಣು ಕಿತ್ತರು. ಕಸಬರಿಗೆಯಿಂದ ಗುಡಿಸಿ ಕೊನೆಯ ಚಿಟಿಕೆಯನ್ನೂ ಮರಗಿಗೆ ಹಾಕಿದರು. ಕಲ್ಲಿಗೆ ಅಂಟಿದ ಹುಲ್ಲನ್ನು ಬೇರುಸಮೇತ ಕಿತ್ತು ಮರಗಿಯಲ್ಲೇ ಜಾಡಿಸಿದರು. "ಬಂಗಾರ ಮೈಗಳ್ಳ ರೀ. ಎಲ್ಲಿ ಆಸರ ಸಿಗತೈತಿ ಅಲ್ಲೇ ಕೂತಬಿಡತೈತಿ."

ಇನ್ನು ತೊಳೆಯುವ ಕೆಲಸ. ಬಂಗಾರ ನೀರಿನ 19.3 ಪಟ್ಟು ಭಾರ, ಬಿಳಿ ಉಸುಕು 2.65, ಕಬ್ಬಿಣದ ಕರಿ ಉಸುಕು ಸುಮಾರು 5. ಬೋರ್ಡಿನ ಮೇಲೆ ಇದನ್ನು ಎಷ್ಟು ಸಲ ಬರೆದಿದ್ದೇನೋ. ಆದರೆ ಅಂಕಿ ಗೊತ್ತಿದ್ದ ಮಾತ್ರಕ್ಕೆ ಕೆಲಸ ಕೈಗೆ ಬರುವುದಿಲ್ಲ. ಮೊದಲ ಪರಾತವನ್ನು ಅಕ್ಕಿ ತೊಳೆದ ಹಾಗೆ ಗರಗರ ತಿರುಗಿಸಿ ಬಗ್ಗಿಸಿದೆ. ಎಲ್ಲವೂ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರಲ್ಲಿ ಏನೋ ಪಳಪಳ ಅಂದಿತು! "ಮಾವಾ!" ಅಂತ ನಾನು ಕೂಗಿದ್ದಕ್ಕೆ ಪಕ್ಕದ ಗೋವಿನಜೋಳದ ಹೊಲದಿಂದ ಹಕ್ಕಿಗಳು ಎದ್ದವು.

ಅಜ್ಜ ಬಂದು, ಬಗ್ಗಿ, ತಮ್ಮ ಕೈ ಅಡ್ಡ ಹಿಡಿದು ಪರಾತಕ್ಕೆ ನೆರಳು ಮಾಡಿದರು. ಹೊಳಪು ಆರಿಹೋಯಿತು. "ಕಾಗಿಬಂಗಾರ ಅದು. ಬಿಸಿಲಿದ್ದರ ಕುಣಿತೈತಿ, ನೆಳ್ಳಾಗ ಸಾಯತೈತಿ. ಖರೇ ಬಂಗಾರ ನೆಳ್ಳಾಗೂ ಹಂಗ ಇರತೈತ್ರಿ." ಮಾವ ನಕ್ಕು ನಕ್ಕು ಬದುವಿನ ಮೇಲೆ ಕೂತುಬಿಟ್ಟರು.

ಆಮೇಲೆ ನಾನು ಪರಾತ ಬದಿಗಿಟ್ಟು ಅಜ್ಜನ ಕೈ ನೋಡುತ್ತಾ ಕೂತೆ. ಮೊದಲು ಮರಗಿಯನ್ನು ನೀರಲ್ಲಿ ಮುಳುಗಿಸಿ, ಮಣ್ಣಿನ ಹೆಂಟೆಗಳನ್ನು ಬೆರಳಿಂದ ಹಿಸುಕಿ ಕರಗಿಸಿದರು. ದೊಡ್ಡ ಹರಳುಗಳನ್ನು ತೊಳೆದು ಎಸೆದರು. ಆಮೇಲೆ ಎಡಕ್ಕೆ ಬಲಕ್ಕೆ ಬರೀ ಅಲುಗಾಟ, ಸುಮಾರು ಹೊತ್ತು. ಭಾರದ್ದು ತಳ ಸೇರಲಿ ಅಂತ. ಆಮೇಲೆ ಮರಗಿಯ ಮೂತಿ ಸ್ವಲ್ಪ ತಗ್ಗಿಸಿ, ನೀರನ್ನು ಹೀಗೆ ಒಳಗೆ ತಗೊಂಡು ಹಾಗೆ ಬಿಡುವುದು. ಪ್ರತಿ ಸಲವೂ ಮೇಲಿನ ಒಂದು ಪದರ ಉಸುಕು ಮಾತ್ರ ಜಾರುತ್ತಿತ್ತು. ಕಡೆಗೆ ಒಂದು ಚಮಚೆಯಷ್ಟು ಕರಿ ಉಸುಕು ಉಳಿಯಿತು. ಒಂದು ಗುಟುಕು ನೀರು ಹಾಕಿ ಮರಗಿಯ ಹಿಂದೆ ಮೆಲ್ಲಗೆ ತಟ್ಟಿದರು. ಕರಿ ಉಸುಕು ಬಾಲದ ಹಾಗೆ ಉದ್ದಕ್ಕೆ ಹರಡಿಕೊಂಡಿತು. ಆ ಬಾಲದ ತುದಿಯಲ್ಲಿ, ಎಲ್ಲಕ್ಕಿಂತ ಹಿಂದೆ, ಒಂದು ಹಳದಿ ಚುಕ್ಕೆ. ಸಾಸಿವೆ ಕಾಳಿಗಿಂತ ಬಹಳ ಚಿಕ್ಕದು, ರವೆಯ ಹರಳಿನ ಅರ್ಧ ಇರಬಹುದು. ನಾನೇ ಕೈಯಿಂದ ನೆರಳು ಮಾಡಿ ನೋಡಿದೆ. ಹಾಗೇ ಇತ್ತು.

ಇನ್ನೊಂದು ಮಾತು. ಅಜ್ಜನ ಕೈ ನಡುಗುತ್ತದೆ. ಚಹಾ ಲೋಟ ಹಿಡಿದಾಗ ಚೆಲ್ಲುವಷ್ಟು. ಮರಗಿ ಹಿಡಿದಾಗ ಮಾತ್ರ ಆ ನಡುಕ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಬೇವಿನ ಮರದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚಿದೆವು. ಶೇಂಗಾ ಚಟ್ನಿ, ಹೆಸರುಕಾಳು ಪಲ್ಲೆ, ಗಟ್ಟಿ ಮೊಸರು. ಮಾವ ಕಂಪನಿ ಕಥೆ ತೆಗೆದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಂಗ್ಲಿಷರ ಕಂಪನಿಗಳು ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಯ ಕಡೆ ಗಣಿ ತೋಡಿದ್ದು ನಿಜ. ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದದ್ದೂ ನಿಜ. ಮಾವನ ಪ್ರಕಾರ ಅವರು ಬೇಕಂತಲೇ ಗಣಿಯ ಬಾಯಿ ಮುಚ್ಚಿ ಹೋದರು, ತಿರುಗಿ ಬಂದು ತಗೊಳ್ಳೋಣ ಅಂತ. ನನಗೆ ಹಾಗನ್ಸುವುದಿಲ್ಲ. ಲಾಭವಿದ್ದ ಕಡೆ ಅವರು ಬಿಟ್ಟು ಹೋದವರೇ ಅಲ್ಲ. ಕೋಲಾರದಲ್ಲಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದರು. 2001ರ ಫೆಬ್ರವರಿಯಲ್ಲಿ ಆ ಗಣಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಬಂಗಾರ ಬಂದಿತ್ತು. ಇಲ್ಲಿ ಖರ್ಚು ಹುಟ್ಟಿರಲಿಕ್ಕಿಲ್ಲ, ಅಷ್ಟೇ. ಹೀಗಂದರೆ ಮಾವನಿಗೆ ಸಿಟ್ಟು. ಹಾಗಾಗಿ ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನನಗೆ ಬೇಕಾಗಿದ್ದು ಅಜ್ಜನ ಕಥೆ. "ಇದರಿಂದ ಹೊಟ್ಟಿ ತುಂಬತೈತೇನ್ರಿ?" ಅಂತ ಕೇಳಿದೆ.

"ಹಳ್ಳದಿಂದ ಯಾವತ್ತೂ ತುಂಬಿಲ್ರಿ. ನಮ್ಮ ಹೊಟ್ಟಿ ತುಂಬಿಸಿದ್ದು ಗದಗಿನ ಗಟಾರ."

ಅಕ್ಕಸಾಲಿಗರ ಅಂಗಡಿಯಲ್ಲಿ ಅರ ಹಾಕುವಾಗ, ಉಜ್ಜುವಾಗ ಬಂಗಾರದ ಪುಡಿ ಉದುರುತ್ತದೆ. ನೆಲಕ್ಕೆ, ಚಾಪೆಗೆ, ಕುಲುಮೆಯ ಬೂದಿಗೆ, ಕೈ ತೊಳೆದ ನೀರಿನ ಜೊತೆ ಮೋರಿಗೆ. ಜಲಗಾರರು ಆ ಧೂಳನ್ನು ಅಂಗಡಿಯವರಿಂದ ದುಡ್ಡು ಕೊಟ್ಟು ಕೊಳ್ಳುತ್ತಾರೆ. ದುಡ್ಡು ಕೊಟ್ಟು ಕಸ ಗುಡಿಸುವ ಜನ! ತಂದು ಹೀಗೇ ತೊಳೆಯುತ್ತಾರೆ. ಕೊನೆಗೆ ಉಳಿದ ಕರಿ ಪುಡಿಗೆ ಪಾದರಸ ಹಾಕಿ ಅಂಗೈಯಲ್ಲಿ ತಿಕ್ಕಿದರೆ ಅದು ಬಂಗಾರವನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಹಿಂಡಿದರೆ ಒಂದು ಬೆಳ್ಳನೆ ಉಂಡೆ. ಅದನ್ನು ಒಲೆಗಿಟ್ಟರೆ ಪಾದರಸ ಹೊಗೆಯಾಗಿ ಹೋಗಿ ಬಂಗಾರ ಉಳಿಯುತ್ತದೆ.

"ಎಲ್ಲಿ ಕಾಯಿಸತಿದ್ರಿ?"

"ಮನ್ಯಾಗ. ಅಡಿಗಿ ಒಲಿ ಮ್ಯಾಲ."

ನಾನು ಅಜ್ಜನ ಕೈ ಕಡೆ ನೋಡಿದೆ. ವಯಸ್ಸಿನದೋ, ಪಾದರಸದ್ದೋ. ಪಾದರಸದ ಹೊಗೆ ನರಕ್ಕೆ ಏನು ಮಾಡುತ್ತದೆ ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುವವಳು ನಾನು. ಅಲ್ಲಿ ಬಾಯಿ ಬರಲಿಲ್ಲ. ಅವರೇ ಅಂದರು, "ಈಗ ಬಿಟ್ಟೇನ್ರಿ. ಮಗ ಬ್ಯಾಡ ಅಂದ. ಈಗ ತೊಳದಷ್ಟ ಕೊಡತೀನಿ."

ಸಂಜೆ ಐದರವರೆಗೆ ತೊಳೆದೆವು. ನಾನು ಹದಿನೈದು ಪರಾತ ಮಾಡಿರಬೇಕು, ಅಜ್ಜ ಇಪ್ಪತ್ತರ ಮೇಲೆ. ಸೊಂಟ ನೆಟ್ಟಗಾಗಲು ಎರಡು ದಿನ ಹಿಡಿಯಿತು. ಒಟ್ಟು ಫಲ ಮೂರು ಚುಕ್ಕೆ. ಎರಡು ಅಜ್ಜನವು. ಒಂದು ನನ್ನದು, ಅದೂ ಅಜ್ಜ ಕೂತ ಸೀಳಿನ ಮಣ್ಣೇ. ಕಿವಿ ಔಷಧದ ಖಾಲಿ ಬಾಟಲಿಯನ್ನು ಚೆನ್ನಾಗಿ ತೊಳೆದು ಮೂರನ್ನೂ ನೀರಲ್ಲೇ ಇಟ್ಟು ನನಗೆ ಕೊಟ್ಟರು. ಕೂಲಿ ಕೊಟ್ಟೆವು, ತಗೊಂಡರು. ಬಂಗಾರ ಮಾತ್ರ ಬೇಡ ಅಂದರು. "ಒಂದು ಗುಂಜಿ ಆದ ಮ್ಯಾಲೆ ಕರೀರಿ."

ಮರುದಿನ ಗದಗಿನಲ್ಲಿ ಅಮ್ಮನ ಬಳೆ ಬೆಸುಗೆಗೆ ಕೊಡುವುದಿತ್ತು. ಪರಿಚಯದ ಅಕ್ಕಸಾಲಿಗರ ಅಂಗಡಿ. ಜಂಬ ತಡೆಯಲಾಗದೆ ಬಾಟಲಿ ತೆಗೆದೆ. ಅವರು ಭೂತಗನ್ನಡಿ ಕಣ್ಣಿಗೇರಿಸಿ, "ಹೌದ್ರಿ, ಬಂಗಾರನ" ಅಂದರು. ತೂಗಿ ಅಂದೆ. ಒಂದು ಕಾಗದದ ಮೇಲೆ ಮೂರನ್ನೂ ಒಣಗಿಸಿ ಎಲೆಕ್ಟ್ರಾನಿಕ್ ತಕ್ಕಡಿಗೆ ಉದುರಿಸಿದರು. 0.00 ಅಂತಲೇ ನಿಂತಿತ್ತು. ನಾನು ಹತ್ತಿರದಿಂದ ನೋಡೋಣ ಅಂತ ಬಗ್ಗಿದೆ. ಮೇಲೆ ಫ್ಯಾನ್ ಇತ್ತು, ಅಥವಾ ನನ್ನ ಉಸಿರೇ ಇರಬಹುದು. ತಟ್ಟೆ ಖಾಲಿ.

ನಾನು ಮೊಣಕಾಲೂರಿ ನೆಲದ ಮೇಲೆ ಹುಡುಕತೊಡಗಿದೆ. ಅವರು ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

"ಏಳ್ರಿ ಅಕ್ಕಾರ, ಸೀರಿ ಧೂಳ ಆಗತೈತಿ. ಅಮಾಸಿಗೆ ಅಜ್ಜ ಬರತಾನ ಗುಡಿಸಾಕ. ಅವಂಗ ಸಿಗತೈತಿ."