ಕಾಗದವೊಂದು ಕಾದ ಊರು

ತುರ್ಕಿಯ ಉರ್ಫಾಕ್ಕೆ ಬರುವವರು ಹೆಚ್ಚಾಗಿ ಹತ್ತಿರದ ಶಿಲಾಯುಗದ ನೆಲೆ ಗೊಬೆಕ್ಲಿ ಟೆಪೆ ನೋಡಲು ಬರುತ್ತಾರೆ. ನಾನು ಬಂದದ್ದು ಒಂದು ಕಾಗದದ ಬೆನ್ನು ಹತ್ತಿ. ಗಾಜಿಯಾಂಟೆಪ್‌ನಿಂದ ಹೊರಟ ಬಸ್ಸು ಯೂಫ್ರಟಿಸ್ ದಾಟಿ ಬಿಸಿಲಲ್ಲಿ ತಂದು ಇಳಿಸಿತು.

ಈ ಊರು ಹಿಂದೆ ಎಡೆಸ್ಸಾ, ಸಿರಿಯಾಕ್ ಎಂಬ ಪೂರ್ವದ ಕ್ರೈಸ್ತರ ಭಾಷೆಯ ಸಾಹಿತ್ಯದ ತವರು. ಕಾಯಿಲೆ ಬಿದ್ದ ಇಲ್ಲಿನ ರಾಜ ಅಬ್ಗರ್ ಯೇಸುವಿಗೆ ಪತ್ರ ಬರೆದ, ಉತ್ತರವೂ ಬಂತು ಎಂಬುದು ಐತಿಹ್ಯ. ನಾಲ್ಕನೇ ಶತಮಾನದ ಮೊದಲಲ್ಲಿ ಚರ್ಚಿನ ಇತಿಹಾಸಕಾರ ಯೂಸೆಬಿಯಸ್ ಆ ಉತ್ತರವನ್ನು ಗ್ರೀಕಿನಲ್ಲಿ ದಾಖಲಿಸಿದಾಗ ಊರಿನ ರಕ್ಷಣೆಯ ಮಾತೇ ಇರಲಿಲ್ಲ. ಆಮೇಲಿನ ಸಿರಿಯಾಕ್ ಪಾಠದಲ್ಲಿ, ನಿನ್ನ ಊರನ್ನು ಇನ್ನು ಯಾವ ಶತ್ರುವೂ ಆಳಲಾರ ಎಂಬ ಅಭಯ ಸೇರಿಕೊಂಡಿತು. ವಿದ್ವಾಂಸರ ಕಣ್ಣು ನೆಟ್ಟಿರುವುದು ಈ ಸೇರ್ಪಡೆಯ ಮೇಲೆ: ಅಲ್ಲಿಂದಾಚೆಗೆ ಪತ್ರವೇ ಊರಿನ ತಾಯಿತ.

384ರಲ್ಲಿ ಇಲ್ಲಿಗೆ ಬಂದ ಕ್ರೈಸ್ತ ಯಾತ್ರಿಕೆ ಎಜೇರಿಯಾಗೆ ಬಿಷಪ್ ಊರಬಾಗಿಲು ತೋರಿಸಿದ. ಪರ್ಷಿಯನ್ನರು ಮುತ್ತಿದಾಗ ಅಬ್ಗರ್ ಆ ಬಾಗಿಲಲ್ಲಿ ಪತ್ರ ಹಿಡಿದು ಪ್ರಾರ್ಥಿಸಿದನಂತೆ, ಶತ್ರುಗಳಿಗೆ ಕತ್ತಲು ಕವಿಯಿತಂತೆ. ಅವರು ನೀರು ತಿರುಗಿಸಿದರೆ ಊರೊಳಗೇ ಬುಗ್ಗೆ ಎದ್ದವಂತೆ. ಪತ್ರ ಆ ದಾರಿಯಲ್ಲಿ ಬಂದಂದಿನಿಂದ ಹೆಣವಾಗಲಿ, ಸೂತಕದವರಾಗಲಿ, ಮೈಲಿಗೆಯವರಾಗಲಿ ಅಲ್ಲಿ ಹಾಯುವಂತಿರಲಿಲ್ಲ. ಬಿಷಪ್ ಪತ್ರದ ಪ್ರತಿಯನ್ನೂ ಕೊಟ್ಟ. ತನ್ನೂರಲ್ಲಿರುವುದಕ್ಕಿಂತ ಇದು ದೊಡ್ಡದು ಎಂದು ಅವಳು ಬರೆದಿಟ್ಟಿದ್ದಾಳೆ. ಜಾಣೆ!

ಆ ಬುಗ್ಗೆಗಳ ಕೊಳದ ಮೀನು ಹೊಳಪಿನಲ್ಲೂ ರುಚಿಯಲ್ಲೂ ಸಾಟಿಯಿಲ್ಲದ್ದು ಎಂದಳು ಎಜೇರಿಯಾ. ಇಂದಿನ ಬಾಲಿಕ್ಲಿಗೋಲ್ ಕೊಳದಲ್ಲಿ ಮೀನು ತಿಂದರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ. ನಿಮ್ರೋದ್ ರಾಜ ಇಬ್ರಾಹಿಮರನ್ನು ಬೆಂಕಿಗೆಸೆದಾಗ ಬೆಂಕಿ ನೀರಾಯಿತು, ಕೊಳ್ಳಿಗಳು ಮೀನಾದವು ಎಂಬುದು ಈಗಿನ ಕಥೆ. ನಮ್ಮ ಶಿಶಿಲದ ದೇವರ ಮೀನುಗಳ ಹಾಗೆ ಇವೂ ನಿರ್ಭಯವಾಗಿ ಜನರ ಕೈಯತ್ತ ನುಗ್ಗುತ್ತವೆ. ಮೇಲೆ ಕೋಟೆಯಲ್ಲಿ ಎರಡು ಕಂಬ. ಒಂದರ ಮೇಲೆ ಶಲ್ಮತ್ ರಾಣಿಯ ಹೆಸರಿರುವ ಸಿರಿಯಾಕ್ ಶಾಸನವಿದೆ. ಊರಿನ ಸಿರಿಯಾಕ್ ಕ್ರೈಸ್ತರು 1924ರಲ್ಲಿ ಅಲೆಪ್ಪೊಗೆ ಹೊರಟುಹೋದರು. ಅಬ್ಗರ್ ಯಾರೆಂದು ಚಹಾದಂಗಡಿಯಲ್ಲಿ ವಿಚಾರಿಸಿದೆ. ಭುಜ ಕುಣಿಸಿ ಇನ್ನೊಂದು ಲೋಟ ತಂದಿಟ್ಟರು.

ರಾತ್ರಿ ಕೋಣೆಯಲ್ಲಿ ಓದಿದ್ದು ಹರ್ಮನ್ ಗೊಲ್ಲಾನ್ಜ್ 1912ರಲ್ಲಿ ಪ್ರಕಟಿಸಿದ ಸಿರಿಯಾಕ್ ಮಂತ್ರಗಳನ್ನು. ಲಂಡನ್ನಿನ ಈ ಯಹೂದಿ ರಬ್ಬಿ ಅಚ್ಚು ಹಾಕಿಸಿದ್ದು ಕ್ರೈಸ್ತರ ಮಂತ್ರಪುಸ್ತಕ! ದೃಷ್ಟಿಗೆ, ನಾಯಿಯ ಬಾಯಿ ಕಟ್ಟಲು, ಒಡತಿಗೆ ಹಾಯುವ ಹಸುವನ್ನು ಪಳಗಿಸಲು, ಶತ್ರುವಿನ ಬಂದೂಕನ್ನೇ ಕಟ್ಟಿಹಾಕಲು ಒಂದೊಂದು ಮಂತ್ರ. ಕುದುರೆಯೇರಿ ಘಟಸರ್ಪವನ್ನು ಇರಿಯುವ ಸಂತರ ಚಿತ್ರಗಳೂ ಇವೆ. ಇಂಥ ಕೈಬರಹಗಳು ತುರ್ಕಿ-ಇರಾನ್ ಗಡಿಯತ್ತಣ ಹಕ್ಕಾರಿ, ಉರ್ಮಿಯಾ ಸೀಮೆಯವು. ಬರೆದವರಲ್ಲಿ ಪಾದ್ರಿಗಳೂ ಇದ್ದರು. 708ರಲ್ಲಿ ತೀರಿಕೊಂಡ ಎಡೆಸ್ಸಾದ ಯಾಕೋಬ್ ಎಂಬ ಬಿಷಪ್ ಮಾಟಮಂತ್ರದ ಪಾದ್ರಿಗಳನ್ನು ಕಟುವಾಗಿ ಖಂಡಿಸಿದ್ದ. ಚರ್ಚು ಒಂದು ಕಡೆ, ಮಂತ್ರ ಇನ್ನೊಂದು ಕಡೆ ಎಂದು ಗೆರೆ ಎಳೆಯುವವರು ಒಮ್ಮೆ ಈ ಪುಟಗಳನ್ನು ತಿರುವಬೇಕು. ಗೆರೆಯ ಎರಡೂ ಬದಿಗೆ ಅದೇ ಪಾದ್ರಿ ನಿಂತಿರುತ್ತಾನೆ.

ಮರುದಿನ ಊರಿನ ಹಳೆಯ ಹರಾನ್ ಬಾಗಿಲಿಗೆ ಹೋದೆ. ಎಜೇರಿಯಾ ಕಂಡದ್ದು ಇದನ್ನೇ ಎನ್ನಲಾಗದು. ಪಕ್ಕದಲ್ಲಿ ಗಾಡಿಗಳ ಗದ್ದಲ, ಮೈಲಿಗೆಯ ಲೆಕ್ಕ ಯಾರಿಗೂ ಇಲ್ಲ. ಅಭಯ ಕೊಟ್ಟ ಪತ್ರವಿದ್ದೂ 609ರಲ್ಲಿ ಪರ್ಷಿಯನ್ನರು ಊರನ್ನು ಹಿಡಿದೇಬಿಟ್ಟರು. ಅದರಿಂದ ಪತ್ರದ ಮಾನವೇನೂ ಹೋಗಲಿಲ್ಲ. ಎಫೆಸಸ್‌ನಲ್ಲಿ ಅದನ್ನು ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿಸಿದ್ದರು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಂತೂ ಊರು ಬಿದ್ದ ಮೇಲೂ ಅದನ್ನು ತಾಯಿತವಾಗಿ ಬರೆಸಿಕೊಳ್ಳುತ್ತಲೇ ಇದ್ದರು.