ಸತ್ತ ಕುದುರೆ ಮತ್ತು ನನ್ನ ಕನ್ನಡ ಅರ್ಜಿ

ಒಂದು ಸರ್ಟಿಫಿಕೇಟಿಗಾಗಿ ಎರಡು ಸಲ ಕಚೇರಿಗೆ ಹೋದೆ. ಕನ್ನಡ ಫಾರಂ ಕೊಡಿ ಅಂತ ನಾನು ಕೇಳುವುದು, ಮಲಯಾಳಂ ಮಾತ್ರ ಇರುವುದು ಅಂತ ಅವರು ಹೇಳುವುದು, ನಾನು ಬರಿಗೈಯಲ್ಲಿ ಬಸ್ಸು ಹತ್ತಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕಕ್ಕೆ ವಾಪಸ್ಸು ಬರುವುದು, ಎರಡೂ ಸಲ ಇಷ್ಟೇ ಆಯಿತು. ಬೆಂಗಳೂರಿನಲ್ಲಿರುವ ಭಾವನಿಗೆ ಫೋನಲ್ಲಿ ಹೇಳಿದೆ. "ಸುಮ್ನೆ ಎಂತಕ್ಕೆ ಭಾವ, ಇದೆಲ್ಲ ಫ್ಲಾಗಿಂಗ್ ಎ ಡೆಡ್ ಹಾರ್ಸ್" ಅಂದ.

ಸತ್ತ ಕುದುರೆಗೆ ಚಾಟಿಯಲ್ಲಿ ಹೊಡೆಯುವುದು. ಎಷ್ಟು ಹೊಡೆದರೂ ಅದು ಏಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ನಾವು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುತ್ತೇವಲ್ವಾ, ಹೆಚ್ಚುಕಡಿಮೆ ಅದೇ. ಮಾತು ಮನಸ್ಸಿಗೆ ನಾಟಿತು. ರಾತ್ರಿ ಕೂತು ಅದು ಎಲ್ಲಿಂದ ಬಂತು ಅಂತ ಹುಡುಕಿದೆ.

ಹಳೇ ಕಾಲದ ಇಂಗ್ಲಿಷ್ ನಾವಿಕರ ಬಾಯಲ್ಲಿ ಸತ್ತ ಕುದುರೆಗೆ ಬೇರೆಯೇ ಅರ್ಥ. ಹಡಗು ಹತ್ತುವ ಮೊದಲೇ ಒಂದು ತಿಂಗಳ ಸಂಬಳ ಮುಂಗಡ ಸಿಗುತ್ತಿತ್ತು, ಅದು ದಡದಲ್ಲೇ ಖರ್ಚಾಗುತ್ತಿತ್ತು. ಹಾಗಾಗಿ ಮೊದಲ ತಿಂಗಳು ಬೆವರು ಸುರಿಸಿದ್ದೆಲ್ಲ ಸತ್ತ ಕುದುರೆಯ ಲೆಕ್ಕಕ್ಕೆ. ಆ ತಿಂಗಳು ಮುಗಿದ ದಿನ ದಪ್ಪ ಬಟ್ಟೆಯೊಳಗೆ ಒಣಹುಲ್ಲು ತುಂಬಿಸಿ ಕುದುರೆ ಮಾಡಿ, ಹಾಡು ಹೇಳುತ್ತಾ ಹಗ್ಗದಲ್ಲಿ ಮೇಲಕ್ಕೇರಿಸಿ, ಸಮುದ್ರಕ್ಕೆ ಬಿಡುತ್ತಿದ್ದರು.

ಚಾಟಿಯ ಮಾತು ಸಿಗುವುದು ಜಾನ್ ಬ್ರೈಟ್ ಎಂಬ ಬ್ರಿಟಿಷ್ ಪಾರ್ಲಿಮೆಂಟ್ ಸದಸ್ಯರ ಸುದ್ದಿಯಲ್ಲಿ. ಜಾಸ್ತಿ ಜನರಿಗೆ ಓಟಿನ ಹಕ್ಕು ಸಿಗಬೇಕು ಅಂತ ಊರೂರು ಸುತ್ತಿ ಭಾಷಣ ಮಾಡಿದವರು ಅವರು. ಕೊನೆಗೆ ಬೇಸತ್ತು, ಇದು ಸತ್ತ ಕುದುರೆಗೆ ಹೊಡೆದ ಹಾಗಾಯಿತು ಅಂದರಂತೆ ಎಂದು 1859ರಲ್ಲಿ ಒಂದು ಪತ್ರಿಕೆ ಬರೆಯಿತು. ಆದರೆ 1867ರಲ್ಲಿ ಕಾನೂನು ಪಾಸಾಯಿತು! ಪಟ್ಟಣದ ಎಷ್ಟೋ ಕಾರ್ಮಿಕರಿಗೆ ಓಟು ಬಂತು. ಸತ್ತಿದೆ ಅಂದ ಕುದುರೆ ಎಂಟೇ ವರ್ಷದಲ್ಲಿ ಎದ್ದು ಗಾಡಿ ಎಳೆಯಿತು. ಇದನ್ನು ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಹೊತ್ತಿನಲ್ಲೇ ಭಾವನಿಗೆ ಮೆಸೇಜು ಹಾಕಿದೆ.

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಇಲ್ಲಿನ ಭಾಷಾ ಅಲ್ಪಸಂಖ್ಯಾತರು ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು ಅಂತ ಕೇರಳದ್ದೇ 1969ರ ಕಾನೂನು ಹೇಳುತ್ತದೆ. ಅಂದ ಮೇಲೆ ನಾನು ಕೇಳುತ್ತಿರುವುದು ದಾನವಲ್ಲ.

ಮೊನ್ನೆ ಮೂರನೇ ಸಲ ಹೋಗುವಾಗ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದುಕೊಂಡು ಹೋದೆ. ಕೌಂಟರಿನ ಹುಡುಗಿಗೆ ಓದಲು ಬರಲಿಲ್ಲ. ಹಿಂದಿನ ಮೇಜಿನಲ್ಲಿದ್ದ ಒಬ್ಬ ಅಕ್ಕ ಎದ್ದು ಬಂದು, ಬೆರಳಿಟ್ಟು ಒಂದೊಂದೇ ಸಾಲು ಓದಿ ಅವಳಿಗೆ ಮಲಯಾಳದಲ್ಲಿ ಹೇಳಿದರು. ಸೀಲು ಬಿತ್ತು, ರಶೀದಿ ಸಿಕ್ಕಿತು. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ.