ಇಲ್ಲ, ಆ ಪುಸ್ತಕ ಬರೆಯುವುದಿಲ್ಲ

"ಸಾಹೇಬರ ಬಗ್ಗೆ ಪುಸ್ತಕ ಯಾವಾಗ ಬರೆಯುತ್ತೀರಿ?"

ಬರೆಯುವುದಿಲ್ಲ. ಇಷ್ಟಕ್ಕೇ ಮುಗಿಸಬಹುದಿತ್ತು, ಕೇಳುವವರು ಬಿಡಬೇಕಲ್ಲ. ಆರು ವರ್ಷ ಒಬ್ಬ ಮಂತ್ರಿಯ ಸಲಹೆಗಾರನಾಗಿದ್ದೆ. ಸಲಹೆ ಕೊಟ್ಟದ್ದಕ್ಕಿಂತ ಭಾಷಣ ಬರೆದುಕೊಟ್ಟದ್ದೇ ಹೆಚ್ಚು. ಆ ಕೆಲಸ ಬಿಟ್ಟ ಮೇಲೆ ನನ್ನ ಎರಡು ಕಥಾಸಂಕಲನಗಳು ಬಂದಿವೆ. ಅವು ಯಾರ ಲೆಕ್ಕದಲ್ಲೂ ಪುಸ್ತಕಗಳಲ್ಲ. ಕಳೆದ ತಿಂಗಳು ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, "ಹೆಸರು ಬದಲಾಯಿಸಿ ಬರೆಯಿರಿ ಸರ್, ನಾವು ಅರ್ಥ ಮಾಡಿಕೊಳ್ಳುತ್ತೇವೆ" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ತುಪ್ಪ ನನ್ನ ಎಲೆ ದಾಟಿ ಹೋಗಿತ್ತು. ಆ ಸಿಟ್ಟೂ ಇಲ್ಲಿ ಸೇರಿದೆ.

"ಹೆದರಿಕೆಯೇ?" ಎಂದೂ ಕೇಳುತ್ತಾರೆ. ಸ್ವಲ್ಪ ಇದೆ.

"ಸಂಜಯ ಬಾರು ಬರೆಯಲಿಲ್ಲವೇ?" ಬರೆದರು. 2004ರಿಂದ 2008ರವರೆಗೆ ಮನಮೋಹನ ಸಿಂಗ್ ಅವರ ಮಾಧ್ಯಮ ಸಲಹೆಗಾರರಾಗಿದ್ದವರು 2014ರ ಲೋಕಸಭಾ ಚುನಾವಣೆಯ ನಡುವೆಯೇ ಪುಸ್ತಕ ತಂದರು. ಪ್ರಧಾನಿ ಕಚೇರಿ ಅದರಲ್ಲಿ ಕಟ್ಟುಕಥೆಯ ವಾಸನೆಯಿದೆ ಎಂದಿತು. 2019ರಲ್ಲಿ ಸಿನಿಮಾವೂ ಆಯಿತು. ಅವರ ದಾರಿ ಅವರದು.

ನನಗೆ ಹಿಡಿಸುವವರು ಎಚ್.ವೈ. ಶಾರದಾ ಪ್ರಸಾದ್. ಹೊಳೆನರಸೀಪುರದ ಮನೆತನ (ಆ ಊರೆಂದರೆ ಈಗ ಬೇರೆಯೇ ಮನೆತನ ನೆನಪಾಗುತ್ತದೆ, ಇರಲಿ). ಇಂದಿರಾ ಗಾಂಧಿಯವರಿಗೂ ಆಮೇಲೆ ರಾಜೀವ್ ಅವರಿಗೂ ಮಾಹಿತಿ ಸಲಹೆಗಾರರಾಗಿದ್ದವರು. ಅವರನ್ನು ಜನ ಎಷ್ಟು ಕಾಡಿದ್ದರೋ, 2003ರಲ್ಲಿ ಬಂದ ಅವರ ಇಂಗ್ಲಿಷ್ ಪ್ರಬಂಧ ಸಂಕಲನದ ಹೆಸರೇ 'ನಾನು ಬರೆಯಲೊಲ್ಲದ ಪುಸ್ತಕ' ಎಂಬ ಅರ್ಥದ್ದು. ಬರೆಯಲು ಬಾರದವರೇನಲ್ಲ. 1942ರ ಚಳವಳಿಯಲ್ಲಿ ಜೈಲಿಗೆ ಹೋದ ಹುಡುಗ ಅಲ್ಲಿ ಕೂತು ದಿನಚರಿ ಬರೆದಿದ್ದ. ಅದು ಅಚ್ಚಾದದ್ದು ಅವರು 2008ರಲ್ಲಿ ತೀರಿಕೊಂಡ ಮೇಲೆ. ತಮ್ಮ ಆತ್ಮಕಥೆಯನ್ನು ಬದಿಗಿಟ್ಟು ಶಿವರಾಮ ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಕೃತಿಯನ್ನು ಇಂಗ್ಲಿಷಿಗೆ ತಂದರು!

ನಾನು ಅವರ ಸಾಲಿನವನೇನಲ್ಲ. ನನ್ನ ಬಳಿ ಇರುವುದು ರಹಸ್ಯಗಳಲ್ಲ, ಉಚ್ಚಾರಣೆಯ ಪಾಡು. ಸಾಹೇಬರಿಗೆ ಮಹಾಪ್ರಾಣ ಒಲಿದಿರಲಿಲ್ಲ. 'ಅಭಿವೃದ್ಧಿ' ಹೋಗಿ 'ಏಳಿಗೆ' ಬಂತು, 'ಭವಿಷ್ಯ' ಹೋಗಿ 'ನಾಳೆ'. 'ಸಂಘರ್ಷ' ತೆಗೆದು 'ಹೋರಾಟ' ಹಾಕಿದರೆ ವೇದಿಕೆಯಲ್ಲಿ ಅದು 'ಓರಾಟ'ವಾಯಿತು. ಮುಂದಿನ ಸಭೆಗೆ 'ಕಾದಾಟ' ಎಂದು ಬರೆದೆ. ಪುಟ ತಿರುಗಿಸುವಲ್ಲಿ ವಾಕ್ಯ ತುಂಡಾಗದಂತೆ ಎಲ್ಲವನ್ನೂ ಗಿಡ್ಡ ಮಾಡಿದೆ. ನನ್ನ ಗದ್ಯ ನೆಟ್ಟಗಾದದ್ದು ಅಲ್ಲಿಯೇ. ಇದನ್ನು ಕೇಳಿ, ಊಟ ಬಿಟ್ಟು ಹೇಳುತ್ತೇನೆ.

ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ನನಗೂ ಸಾಹೇಬರಿಗೂ ಹೈಸ್ಕೂಲಿನಲ್ಲಿ ಕಲಿಸಿದ ಕನ್ನಡ ಮೇಷ್ಟ್ರು ತೀರಿಕೊಂಡರು. ಸಾಹೇಬರ ಹೆಸರಿನಲ್ಲಿ ಸಂತಾಪ ಪತ್ರ ನಾನೇ ಬರೆದೆ. ಉದ್ದನೆಯ ಸೀಮೆಸುಣ್ಣ ಕಿರುಗುಡುತ್ತದೆಂದು ಮೇಷ್ಟ್ರು ಅದನ್ನು ಮುರಿದು ಗಿಡ್ಡ ತುಂಡಿನಲ್ಲೇ ಬರೆಯುತ್ತಿದ್ದರು, ಅದನ್ನೂ ಸೇರಿಸಿದೆ. ಸಾಹೇಬರು ಓದದೆ ಸಹಿ ಹಾಕಿದರು. ತಿಂಗಳು ಕಳೆದು ಮೇಷ್ಟ್ರ ಮನೆಗೆ ಹೋದರೆ ಪತ್ರ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು.

"ಸೀಮೆಸುಣ್ಣದ ವಿಷಯವನ್ನೂ ಮಂತ್ರಿಗಳು ನೆನಪಿಟ್ಟುಕೊಂಡಿದ್ದಾರೆ ನೋಡಪ್ಪ," ಎಂದರು ಮೇಷ್ಟ್ರ ಹೆಂಡತಿ. "ನೀನೂ ಅವರ ಶಿಷ್ಯನೇ. ಎರಡು ಸಾಲು ಬರೆಯಬಾರದಿತ್ತೇ?"

ಆಮೇಲೆ ಕಾಫಿಗೆ ಸಕ್ಕರೆ ಸಾಕೇ ಎಂದು ಕೇಳಿದರು. ಸಾಕು ಎಂದೆ.